1,500 ಡಾಲರಿಗೆ ಹಾರ್ಟ್ ಆಪರೇಷನ್ ಆಗುತ್ತಾ? ಹೈಟಿಯ ಮಕ್ಕಳಿಗಾಗಿ ಎತ್ತುವ ದೇಣಿಗೆಯ ಲೆಕ್ಕ

ಕೆರಿಬಿಯನ್ ಕಡಲಿನ ಹೈಟಿ ದೇಶದ ಒಂದು ಮಗುವಿನ ಫೋಟೋ. ಕೆಳಗೆ ಹೆಸರು, ವಯಸ್ಸು, ಅಪ್ಪ ಅಮ್ಮ ಏನು ಮಾಡಿಕೊಂಡಿದ್ದಾರೆ ಅಂತ ನಾಲ್ಕು ಸಾಲು. ಮಗುವಿನ ಹೃದಯದಲ್ಲಿ ತೂತಿದೆ, ಆಪರೇಷನ್ ಆಗಬೇಕು. ಬೇಕಾಗಿರುವುದು 1,500 ಡಾಲರ್. ಇಷ್ಟು ಬಂದಿದೆ, ಇನ್ನಿಷ್ಟು ಬಾಕಿ ಅಂತ ತೋರಿಸುವ ಒಂದು ಗೆರೆ. ನೀವು 5 ಡಾಲರ್ ಕೊಟ್ಟರೂ ಸಾಕು.

ಅಮೆರಿಕದ 'ವಾಟ್ಸಿ' ಎಂಬ ಸಂಸ್ಥೆ ಅಂತರ್ಜಾಲದಲ್ಲಿ ಹಾಕಿದ ಪುಟಗಳು ಹೀಗಿರುತ್ತವೆ. ನಮ್ಮ ದುಡ್ಡಿನಲ್ಲಿ 1,500 ಡಾಲರ್ ಅಂದರೆ ಒಂದೂಕಾಲು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. ಅಮೆರಿಕದಲ್ಲಾದರೆ ಮಗುವಿನ ಎದೆ ತೆರೆದು ಮಾಡುವ ಆಪರೇಷನ್ನಿನ ಬಿಲ್ಲು ಲಕ್ಷ ಡಾಲರ್ ದಾಟುವುದೇನೂ ಅಪರೂಪವಲ್ಲ. ಹಾಗಿದ್ದರೆ 1,500ರಲ್ಲಿ ಹೇಗೆ ಮುಗಿಯುತ್ತದೆ?

ಮುಗಿಯುವುದಿಲ್ಲ. ಅದು ಆಪರೇಷನ್ನಿನ ಬೆಲೆಯೇ ಅಲ್ಲ. ಪುಟವನ್ನು ಕೊನೆಯವರೆಗೆ ಓದಿದರೆ ಅಲ್ಲೇ ಬರೆದಿರುತ್ತಾರೆ. ನಾವು ಫೋಟೋ ನೋಡಿ, ಮೊತ್ತ ನೋಡಿ, ಕಾರ್ಡ್ ನಂಬರ್ ಒತ್ತಿ ಮುಂದೆ ಹೋಗಿಬಿಡುತ್ತೇವೆ, ಅಷ್ಟೆ. ಆಪರೇಷನ್ನಿನ ದೊಡ್ಡ ಗಂಟನ್ನು ಬೇರೆ ಯಾರೋ ಕೊಟ್ಟಿರುತ್ತಾರೆ. ಕೆಲವು ಮಕ್ಕಳಿಗೆ ರೋಟರಿಯವರು ಶುರು ಮಾಡಿದ 'ಗಿಫ್ಟ್ ಆಫ್ ಲೈಫ್' ಸಂಸ್ಥೆ 5,000 ಡಾಲರ್ ಕೊಟ್ಟಿದೆ. ಕೆಲವರಿಗೆ 'ಹ್ಯಾವ್ ಎ ಹಾರ್ಟ್ ಕೇಮನ್' ಎಂಬ ಸಂಸ್ಥೆ 17,000 ಡಾಲರಿನಷ್ಟು ಕೊಟ್ಟಿದೆ. ಜನರಿಂದ ಕೇಳುವ 1,500 ಹೋಗುವುದು ಬೇರೆ ಖರ್ಚುಗಳಿಗೆ: ರಕ್ತ ಪರೀಕ್ಷೆ, ಔಷಧಿ, ಆಪರೇಷನ್ನಿಗೆ ಮೊದಲಿನ ಮತ್ತು ನಂತರದ ತಪಾಸಣೆ, ಪಾಸ್‌ಪೋರ್ಟ್ ಮಾಡಿಸುವುದು, ಮನೆಯವರ ಜೊತೆ ಹೊರದೇಶಕ್ಕೆ ಹೋಗುವ ಸಮಾಜ ಕಾರ್ಯಕರ್ತರ ಖರ್ಚು.

ಇದರಲ್ಲಿ ಮೋಸ ಇದೆ ಅಂತ ಹೇಳುತ್ತಿಲ್ಲ. ಮಗು ಆಪರೇಷನ್ ಟೇಬಲ್ಲಿನ ತನಕ ತಲುಪುವುದಕ್ಕೆ ಆಗುವ ಖರ್ಚು ಇದು, ಮತ್ತು ನನ್ನ ಪ್ರಕಾರ ಆ ಸಾಲಿನಲ್ಲಿ ಯಾರೂ ಕೊಡಲು ಮುಂದೆ ಬರದ ಖರ್ಚೂ ಇದೇ. ದೊಡ್ಡ ದಾನಿಗೆ ಆಸ್ಪತ್ರೆಯ ಗೋಡೆಯ ಮೇಲೆ ಹೆಸರು ಬೇಕು. ಪಾಸ್‌ಪೋರ್ಟ್ ಫೀಸು ಕಟ್ಟಿದವರ ಹೆಸರನ್ನು ಯಾರು ಬರೆಸುತ್ತಾರೆ?

ತೂತು ಅಂದರೆ ಏನು, ಅವಸರ ಯಾಕೆ

ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷ ಇರುತ್ತದೆ. ಅಮೆರಿಕದಲ್ಲೂ ಅಷ್ಟೆ, ಹೈಟಿಯಲ್ಲೂ ಅಷ್ಟೆ, ರಾಯಚೂರಿನಲ್ಲೂ ಅಷ್ಟೆ. ಎಲ್ಲಾ ದೋಷಗಳೂ ಅಪಾಯದವಲ್ಲ. ಕೆಲವು ಸಣ್ಣ ತೂತುಗಳು ಮಗು ಬೆಳೆಯುತ್ತಾ ತಾವೇ ಮುಚ್ಚಿಕೊಳ್ಳುತ್ತವೆ. ಮುಚ್ಚಿಕೊಳ್ಳದವೇ ಕಷ್ಟ.

ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ಒಂದು ಗೋಡೆ ಇದೆ. ಎಡಗಡೆಯ ಕೋಣೆ ಇಡೀ ಮೈಗೆ ರಕ್ತ ತಳ್ಳಬೇಕು, ಹಾಗಾಗಿ ಅಲ್ಲಿ ಒತ್ತಡ ಜಾಸ್ತಿ. ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ಮಾತ್ರ ತಳ್ಳುತ್ತದೆ, ಅಲ್ಲಿ ಒತ್ತಡ ಕಡಿಮೆ. ಗೋಡೆಯಲ್ಲಿ ತೂತಿದ್ದರೆ, ಬದು ಒಡೆದ ಗದ್ದೆಯಲ್ಲಿ ಮೇಲಿನ ಮಡಿಯ ನೀರು ಕೆಳಗಿನ ಮಡಿಗೆ ನುಗ್ಗಿದ ಹಾಗೆ, ಎಡದ ರಕ್ತ ಬಲಕ್ಕೆ ನುಗ್ಗುತ್ತದೆ. ಶ್ವಾಸಕೋಶಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ರಕ್ತ ಹೋಗುತ್ತದೆ. ಮೈಗೆ ಸಾಕಾಗುವಷ್ಟು ಕಳಿಸಲು ಹೃದಯ ದುಪ್ಪಟ್ಟು ದುಡಿಯುತ್ತದೆ.

ಇದು ಮೊದಲು ಕಾಣುವುದು ತಾಯಿಗೆ. ಮಗು ಹಾಲು ಕುಡಿಯುವಾಗ ನಾಲ್ಕು ಗುಟುಕಿಗೆ ನಿಲ್ಲಿಸುತ್ತದೆ, ಏದುಸಿರು ಬಿಡುತ್ತದೆ. ಹಣೆ ಬೆವರುತ್ತದೆ. ತೂಕ ಏರುವುದೇ ಇಲ್ಲ. ಮೇಲಿಂದ ಮೇಲೆ ಕಫ, ನ್ಯುಮೋನಿಯಾ. ಊರಲ್ಲಿ 'ಮಗು ಸೊರಗಿದೆ, ದೃಷ್ಟಿ ಆಗಿದೆ' ಅನ್ನುತ್ತಾರೆ. ಹೈಟಿಯ ಹಳ್ಳಿಯಲ್ಲೂ ಹೆಚ್ಚುಕಡಿಮೆ ಇಂಥದ್ದೇ ಏನೋ ಅನ್ನುತ್ತಾರೆ ಅಂತ ನನ್ನ ಊಹೆ.

ಈಗ ಮುಖ್ಯವಾದ ಮಾತು. ಈ ತೂತನ್ನು ಸಕಾಲಕ್ಕೆ ಮುಚ್ಚಿದರೆ ಆ ಮಗು ಉಳಿದ ಮಕ್ಕಳ ಹಾಗೇ ಬೆಳೆಯುತ್ತದೆ. ಓಡುತ್ತದೆ, ಶಾಲೆಗೆ ಹೋಗುತ್ತದೆ. ತಡವಾದರೆ, ವರ್ಷಗಟ್ಟಲೆ ರಕ್ತದ ಹೊಡೆತ ತಿಂದ ಶ್ವಾಸಕೋಶದ ನಾಳಗಳು ದಪ್ಪವಾಗಿ ಗಡಸಾಗುತ್ತವೆ. ಬಲಗಡೆಯ ಒತ್ತಡ ಏರುತ್ತಾ ಏರುತ್ತಾ ಎಡದ್ದನ್ನೂ ಮೀರುತ್ತದೆ. ಆಗ ಹರಿವು ತಿರುಗುತ್ತದೆ, ಆಮ್ಲಜನಕ ಇಲ್ಲದ ರಕ್ತ ಮೈಗೆ ಹೋಗಿ ತುಟಿ ಉಗುರು ನೀಲಿಯಾಗುತ್ತವೆ. ಆ ಹಂತದಲ್ಲಿ ತೂತು ಮುಚ್ಚಿದರೆ ಮಗುವಿನ ಜೀವಕ್ಕೇ ಅಪಾಯ. ಎರಡು ವರ್ಷದ ಹಿಂದೆ ಸಲೀಸಾಗಿ ಸರಿಹೋಗುತ್ತಿದ್ದದ್ದನ್ನು ಈಗ ಯಾವ ಸರ್ಜನ್ನೂ ಮುಟ್ಟುವುದಿಲ್ಲ.

ಇನ್ನೊಂದು ಬಗೆಯ ದೋಷದಲ್ಲಿ ಮಗು ಮೊದಲಿನಿಂದಲೇ ನೀಲಿಯಾಗಿರಬಹುದು. ಗೋಡೆಯಲ್ಲಿ ತೂತೂ ಇದೆ, ಶ್ವಾಸಕೋಶಕ್ಕೆ ಹೋಗುವ ದಾರಿಯೂ ಕಿರಿದಾಗಿದೆ. ಡಾಕ್ಟರುಗಳು ಇದನ್ನು 'ಟೆಟ್ರಾಲಜಿ ಆಫ್ ಫಾಲೋ' ಅನ್ನುತ್ತಾರೆ. ಈ ಮಕ್ಕಳು ಸ್ವಲ್ಪ ಓಡಿದರೆ ಸಾಕು, ತಟ್ಟನೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಾರೆ. ಹಾಗೆ ಕೂತಾಗ ಕಾಲಿನ ಕಡೆ ಹೋಗುವ ರಕ್ತಕ್ಕೆ ತಡೆಯಾಗಿ ಶ್ವಾಸಕೋಶದ ಕಡೆ ಜಾಸ್ತಿ ರಕ್ತ ಹೋಗುತ್ತದೆ, ಉಸಿರು ಹಗುರಾಗುತ್ತದೆ. ಯಾರೂ ಹೇಳಿಕೊಟ್ಟಿರುವುದಿಲ್ಲ, ಮೂರು ವರ್ಷದ ಮಗು ತಾನೇ ಕಂಡುಕೊಂಡಿರುತ್ತದೆ. ಇಂಥ ಮಕ್ಕಳಿಗೆ ಮೊದಲ ಸಲ ದಾರಿ ತೋರಿಸಿದ ಆಪರೇಷನ್ ನಡೆದದ್ದು 1944ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಅಂದರೆ ಇದು ಹೊಸ ವಿದ್ಯೆ ಅಲ್ಲ. ಎಂಬತ್ತು ವರ್ಷ ಹಳೆಯದು. ಕೊರತೆ ಇರುವುದು ಬೇರೆ ಕಡೆ.

ಹೈಟಿಯಲ್ಲೇ ಯಾಕೆ ಮಾಡಬಾರದು?

ಹೈಟಿಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷದ ಆಸುಪಾಸು ಮಕ್ಕಳು ಹುಟ್ಟುತ್ತಾರೆ. ನೂರಕ್ಕೊಂದರ ಲೆಕ್ಕ ಹಿಡಿದರೆ ಎರಡೂವರೆ ಸಾವಿರ ಮಕ್ಕಳ ಹೃದಯದಲ್ಲಿ ದೋಷ. ಅಷ್ಟು ಮಕ್ಕಳಿರುವಾಗ ಅಲ್ಲೇ ಒಂದು ಆಸ್ಪತ್ರೆ ಕಟ್ಟಬಾರದೇ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಸರ್ಜನ್ ಒಬ್ಬರಿದ್ದರೆ ಆಗುವ ಕೆಲಸ ಇದಲ್ಲ. ಎಕೋ, ಅಂದರೆ ಹೃದಯದ ಸ್ಕ್ಯಾನ್, ನೋಡಿ ದೋಷ ಹೇಳುವ ಮಕ್ಕಳ ಹೃದಯ ತಜ್ಞರು ಬೇಕು. ಐದು ಕೆಜಿ ತೂಕದ ಮಗುವಿಗೆ ಅರಿವಳಿಕೆ ಕೊಡಬಲ್ಲವರು ಬೇಕು. ಹೃದಯವನ್ನು ನಿಲ್ಲಿಸಿದಾಗ ರಕ್ತವನ್ನು ಹೊರಗಿನ ಯಂತ್ರದಲ್ಲಿ ಓಡಿಸುವ ತಂತ್ರಜ್ಞರು ಬೇಕು. ಆ ಯಂತ್ರದ ಕೊಳವೆಗಳು, ಆಮ್ಲಜನಕ ಬೆರೆಸುವ ಡಬ್ಬಿ, ಇವನ್ನು ಒಂದು ಮಗುವಿಗೆ ಒಮ್ಮೆ ಬಳಸಿ ಎಸೆಯಬೇಕು. ಆಮೇಲಿನ ಮೂರು ನಾಲ್ಕು ದಿನ ಐಸಿಯುನಲ್ಲಿ ರಾತ್ರಿ ಹಗಲು ಮಗುವಿನ ಪಕ್ಕ ಇರುವ ನರ್ಸುಗಳು ಬೇಕು. ಬಹಳ ಮಕ್ಕಳ ಜೀವ ಉಳಿಯುವುದು, ಹೋಗುವುದು ಆ ರಾತ್ರಿಗಳಲ್ಲೇ. ಇದರ ಮೇಲೆ ರಕ್ತನಿಧಿ, ನಿಲ್ಲದ ಕರೆಂಟು, ನಿಲ್ಲದ ಆಮ್ಲಜನಕ.

ಇವೆಲ್ಲವನ್ನೂ ಕೊಂಡು ತಂದರೂ ಇನ್ನೊಂದು ತೊಡಕಿದೆ. ಈ ಕೆಲಸ ಕೈಗೆ ಹತ್ತಬೇಕಾದರೆ ಬಿಡದೆ ಮಾಡುತ್ತಿರಬೇಕು. ತಿಂಗಳಿಗೆ ಎರಡು ಆಪರೇಷನ್ ಮಾಡುವ ತಂಡಕ್ಕೂ ದಿನಕ್ಕೆ ಹತ್ತು ಮಾಡುವ ತಂಡಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸ ಇರುತ್ತದೆ.

ಹೈಟಿಯಲ್ಲಿ ಪ್ರಯತ್ನ ನಡೆದೇ ಇಲ್ಲ ಅಂತಲ್ಲ. ಹೊರದೇಶದ ತಂಡಗಳು ಬಂದು ವಾರಗಟ್ಟಲೆ ಇದ್ದು ಅಲ್ಲೇ ಆಪರೇಷನ್ ಮಾಡಿ ಹೋದದ್ದುಂಟು. ಆದರೆ ಆ ದೇಶಕ್ಕೆ ಬಂದಿರುವ ಕಾಲವೇ ಕೆಟ್ಟದ್ದು. 2010ರ ಜನವರಿಯ ಭೂಕಂಪ ರಾಜಧಾನಿ ಪೋರ್ಟ್ ಓ ಪ್ರಿನ್ಸನ್ನು ನೆಲಸಮ ಮಾಡಿತು. 2021ರಲ್ಲಿ ರಾಷ್ಟ್ರಾಧ್ಯಕ್ಷರನ್ನು ಅವರ ಮನೆಯಲ್ಲೇ ಕೊಂದರು. ಆಮೇಲೆ ಊರಿಗೆ ಊರೇ ಬಂದೂಕಿನ ಗುಂಪುಗಳ ಕೈಗೆ ಹೋಯಿತು. 2024ರಲ್ಲಿ ವಿಮಾನ ನಿಲ್ದಾಣವೇ ಬಾಗಿಲು ಹಾಕಬೇಕಾಯಿತು, ಇಳಿಯುತ್ತಿದ್ದ ವಿಮಾನಕ್ಕೂ ಗುಂಡು ಬಿತ್ತು. ಹೊರಗಿನ ಸರ್ಜನ್ ಬರುವುದು ಹೇಗೆ? ಮಗು ಹೊರಗೆ ಹೋಗುವುದಾದರೂ ಹೇಗೆ?

ಕಿನ್ನಿಗೋಳಿಯಿಂದ ಕೇಮನ್‌ಗೆ

ಹೈಟಿಯ ಮಕ್ಕಳನ್ನು ಹುಡುಕಿ, ಎಕೋ ಮಾಡಿ, ಪಟ್ಟಿ ಇಟ್ಟುಕೊಂಡು, ಯಾರನ್ನು ಯಾವ ದೇಶಕ್ಕೆ ಕಳಿಸಬೇಕು ಅಂತ ನೋಡುವ ಸಂಸ್ಥೆಯ ಹೆಸರು 'ಹೈಟಿ ಕಾರ್ಡಿಯಾಕ್ ಅಲಯನ್ಸ್'. ಇವರ ಕೆಲಸ ನೋಡಿದರೆ ಅರ್ಧ ವೈದ್ಯಕೀಯ, ಅರ್ಧ ಕಚೇರಿ ಅಲೆದಾಟ. ಮಗುವಿಗೆ ಜನನ ಪತ್ರ ಇರುವುದಿಲ್ಲ. ಜನನ ಪತ್ರ ಇಲ್ಲದೆ ಪಾಸ್‌ಪೋರ್ಟ್ ಇಲ್ಲ. ಜೊತೆಗೆ ಹೋಗುವ ಅಮ್ಮನಿಗೂ ಪಾಸ್‌ಪೋರ್ಟ್ ಬೇಕು. ಆಮೇಲೆ ವೀಸಾ. ಕ್ರೆಯೋಲ್ ಬಿಟ್ಟು ಬೇರೆ ಭಾಷೆ ಬಾರದ, ವಿಮಾನ ಹತ್ತಿ ಗೊತ್ತಿರದ ತಾಯಿ, ಕೈಯಲ್ಲಿ ಸೊರಗಿದ ಮಗು. ಐಸಿಯು ಹೊರಗೆ ಡಾಕ್ಟರ್ ಹೇಳಿದ್ದನ್ನು ಅವಳ ಮಾತಿನಲ್ಲಿ ಹೇಳುವವರು ಒಬ್ಬರು ಇರಲೇಬೇಕು. ಪುಟದಲ್ಲಿ 'ಸಮಾಜ ಕಾರ್ಯಕರ್ತರ ಖರ್ಚು' ಅಂತ ಒಂದೇ ಪದಗುಚ್ಛದಲ್ಲಿ ಮುಗಿಸಿಬಿಡುವುದು ಇದನ್ನೇ.

ಈ ಮಕ್ಕಳಲ್ಲಿ ಕೆಲವರು ಅಮೆರಿಕಕ್ಕೆ ಹೋಗಿದ್ದಾರೆ, ಕೆಲವರು ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ. ಇನ್ನು ಕೆಲವರು ಹೋದದ್ದು ಕೇಮನ್ ದ್ವೀಪಕ್ಕೆ. ಕೆರಿಬಿಯನ್ ಕಡಲಿನ ಆ ಪುಟ್ಟ ದ್ವೀಪದ ಹೆಸರನ್ನು ನಾವು ಕೇಳಿರುವುದು ತೆರಿಗೆ ತಪ್ಪಿಸುವವರ ಸುದ್ದಿಯಲ್ಲಿ. ಅಲ್ಲಿ 2014ರಲ್ಲಿ 'ಹೆಲ್ತ್ ಸಿಟಿ' ಅಂತ ಒಂದು ಆಸ್ಪತ್ರೆ ಶುರುವಾಯಿತು. ಶುರು ಮಾಡಿದವರು ನಮ್ಮ ದಕ್ಷಿಣ ಕನ್ನಡದ ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿ. ಬೆಂಗಳೂರಿನ ಬೊಮ್ಮಸಂದ್ರದ ನಾರಾಯಣ ಹೃದಯಾಲಯದವರು.

ಬೊಮ್ಮಸಂದ್ರದಲ್ಲಿ ಅವರು ತೋರಿಸಿದ ಲೆಕ್ಕ ಸರಳ. ದಿನಕ್ಕೆ ಹತ್ತಾರು ಹೃದಯದ ಆಪರೇಷನ್ ಮಾಡಿದರೆ ಯಂತ್ರ, ಕಟ್ಟಡ, ಸಿಬ್ಬಂದಿಯ ಖರ್ಚು ಹಂಚಿಹೋಗಿ ಒಂದೊಂದರ ಬೆಲೆ ಇಳಿಯುತ್ತದೆ. ಕೈ ಪಳಗಿ ಗುಣಮಟ್ಟವೂ ಏರುತ್ತದೆ. ಕೇಮನ್‌ನಲ್ಲಿ ಅದನ್ನೇ ಮಾಡಲು ಹೊರಟದ್ದರಿಂದ ಅಮೆರಿಕಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಹೈಟಿಯ ಮಗುವಿಗೆ ಆಪರೇಷನ್ ಸಾಧ್ಯವಾಯಿತು. ದಾನಿ ಸಂಸ್ಥೆ ಕೊಡುವ 17,000 ಡಾಲರ್ ಸಾಕಾಗುವುದು ಈ ಕಾರಣಕ್ಕೆ. ಹಾಗೆ ನೋಡಿದರೆ ಆ 1,500ರ ಪುಟದ ಹಿಂದೆ ಬೊಮ್ಮಸಂದ್ರದ ಹೊಸೂರು ರಸ್ತೆಯಲ್ಲಿ ಕಲಿತ ಪಾಠವೂ ಸ್ವಲ್ಪ ಇದೆ.

ಬಸ್ಸಿನಲ್ಲಿ ಹುಟ್ಟಿದ ಉಪಾಯ

ವಾಟ್ಸಿ ಅನ್ನುವುದು ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಒಂದು ಊರು. ಚೇಸ್ ಆಡಮ್ ಎಂಬ ಅಮೆರಿಕದ ಯುವಕ ಅಲ್ಲಿ ಸ್ವಯಂಸೇವಕನಾಗಿದ್ದ. ಆ ಊರಿನ ಮೇಲೆ ಹೋಗುವ ಬಸ್ಸಿಗೆ ಒಬ್ಬ ಹೆಂಗಸು ಹತ್ತಿ, ಮಗನ ಚಿಕಿತ್ಸೆಗೆ ಹಣ ಬೇಕು ಅಂತ ಕೇಳುತ್ತಾ ಬಂದಳು. ಕೈಯಲ್ಲಿ ಮಗನ ಆಸ್ಪತ್ರೆಯ ಕಾಗದ ಪತ್ರ ಇತ್ತು. ಸುಮ್ನೆ ಕೇಳುವವರಿಗೆ ಕೊಡದ ಜನ ಆ ಕಾಗದ ನೋಡಿ ಕೊಡುತ್ತಿದ್ದಾರೆ ಅಂತ ಅವನಿಗೆ ಕಂಡಿತು. ಅಮೆರಿಕಕ್ಕೆ ಮರಳಿ 2012ರಲ್ಲಿ ಅದೇ ಹೆಸರಿನಲ್ಲಿ ಸಂಸ್ಥೆ ತೆರೆದ. ಮರುವರ್ಷ, ಲಾಭದ ಸ್ಟಾರ್ಟಪ್‌ಗಳಿಗೆ ಮಾತ್ರ ಹಣ ಹಾಕುತ್ತಿದ್ದ ಅಮೆರಿಕದ ಹೂಡಿಕೆ ಸಂಸ್ಥೆ ವೈ ಕಾಂಬಿನೇಟರ್ ಮೊದಲ ಬಾರಿಗೆ ಒಂದು ಸೇವಾಸಂಸ್ಥೆಯನ್ನು ಒಳಗೆ ಬಿಟ್ಟುಕೊಂಡಿತು. ಅದು ವಾಟ್ಸಿ.

ಅವರು ಮಾಡಿದ ನಿಯಮಗಳಲ್ಲಿ ಮೂರು ನನಗೆ ಮುಖ್ಯ ಅನಿಸುತ್ತವೆ. ಜನ ಕೊಟ್ಟ ಹಣವೆಲ್ಲ ಚಿಕಿತ್ಸೆಗೇ ಹೋಗಬೇಕು, ಕಚೇರಿಯ ಸಂಬಳ ಬಾಡಿಗೆಗೆ ಬೇರೆ ದಾನಿಗಳಿಂದ ಬೇರೆಯಾಗಿ ಎತ್ತಬೇಕು. ಒಬ್ಬ ರೋಗಿಗೆ ಕೇಳುವ ಮೊತ್ತಕ್ಕೆ 1,500 ಡಾಲರಿನ ಮಿತಿ. ಯಾವ ಆಸ್ಪತ್ರೆಗೆ ಎಷ್ಟು ಕಳಿಸಿದೆವು ಅಂತ ಯಾರು ಬೇಕಾದರೂ ತೆರೆದು ನೋಡಬಹುದಾದ ಲೆಕ್ಕದ ಹಾಳೆ. ಮಿತಿ ಯಾಕೆ ಅಂದರೆ, 50,000 ಡಾಲರ್ ಬೇಕಾದ ಕಡೆ ನಮ್ಮ 5 ಡಾಲರ್ ಹನಿ ನೀರು. 1,500 ಬೇಕಾದ ಕಡೆ ಗೆರೆ ಕಣ್ಣೆದುರೇ ಮುಂದೆ ಸರಿಯುತ್ತದೆ. ಕೊಟ್ಟವರಿಗೆ 'ನನ್ನಿಂದ ಆಯಿತು' ಅನಿಸುತ್ತದೆ.

ಈ ಅನಿಸಿಕೆಗೆ ಎಷ್ಟು ಬಲ ಇದೆ ಅಂತ ಅಮೆರಿಕದ ಸಂಶೋಧಕರು ಅಳೆದು ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಪ್ರಯೋಗ ಅದು. ಜನರ ಕೈಗೆ 5 ಡಾಲರ್ ಕೊಟ್ಟು, ಇದರಲ್ಲಿ ಎಷ್ಟಾದರೂ ಮಕ್ಕಳ ಸಂಸ್ಥೆಗೆ ಕೊಡಬಹುದು ಅಂದರು. ಒಂದು ಗುಂಪಿಗೆ ಆಫ್ರಿಕಾದ ಮಾಲಿ ದೇಶದ ಏಳು ವರ್ಷದ ಹುಡುಗಿಯೊಬ್ಬಳ ಕಥೆ ಹೇಳಿದರು. ಅವರು ಸರಾಸರಿ 2.38 ಡಾಲರ್ ಕೊಟ್ಟರು. ಇನ್ನೊಂದು ಗುಂಪಿಗೆ ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ತೋರಿಸಿದರು. ಅವರು ಕೊಟ್ಟದ್ದು 1.14. ಮೂರನೆಯ ಗುಂಪಿಗೆ ಹುಡುಗಿಯನ್ನೂ ತೋರಿಸಿ ಅಂಕಿಅಂಶವನ್ನೂ ಕೊಟ್ಟರೆ ಕೈಬಿಚ್ಚಿದ್ದು 1.43ಕ್ಕೆ. ಅಂದರೆ ಲೆಕ್ಕ ಹೇಳಿದ್ದಕ್ಕೆ ಕರುಣೆ ಕಡಿಮೆಯಾಯಿತು! ಲೆಕ್ಕದ ಲೇಖನ ಬರೆಯುವ ನನಗೆ ಇದನ್ನು ಓದಿ ಸ್ವಲ್ಪ ಕಸಿವಿಸಿಯಾಗಿದ್ದು ನಿಜ.

ಪುಟಕ್ಕೆ ಬಾರದ ಮಕ್ಕಳು

ಫೋಟೋ ನೋಡಿ ಹಣ ಬರುತ್ತದೆ ಅಂದ ಮೇಲೆ, ಯಾರ ಫೋಟೋ ಬರುತ್ತದೆ ಅನ್ನುವುದೇ ದೊಡ್ಡ ವಿಷಯ.

ಮಗುವಿನ ಮಹಾ ರಕ್ತನಾಳಗಳೆರಡೂ ಅದಲುಬದಲಾಗಿ ಹುಟ್ಟುವ ಒಂದು ದೋಷ ಇದೆ. ಅದಕ್ಕೆ ಹುಟ್ಟಿದ ಕೆಲವೇ ವಾರಗಳಲ್ಲಿ ಆಪರೇಷನ್ ಆಗಬೇಕು. ಹೈಟಿಯ ಹಳ್ಳಿಯಲ್ಲಿ ಆ ಮಗುವಿಗೆ ಜನನ ಪತ್ರ ಬರುವುದರೊಳಗೆ ಎಲ್ಲ ಮುಗಿದಿರುತ್ತದೆ. ಅಂಥ ಮಕ್ಕಳ ಫೋಟೋ ಯಾವ ಪುಟದಲ್ಲೂ ಕಾಣುವುದು ಕಷ್ಟ. ಒಂದರ ಮೇಲೊಂದು ಮೂರು ಆಪರೇಷನ್ ಬೇಕಾಗುವ, ಒಂದೇ ಕೆಳಕೋಣೆ ಇರುವ ಮಗುವಿಗೂ ಇದೇ ಗತಿ. ಆಗಲೇ ಶ್ವಾಸಕೋಶ ಕೆಟ್ಟಿರುವ ಹತ್ತು ವರ್ಷದ ಹುಡುಗನಿಗೂ ಇದೇ ಗತಿ. ಪುಟಕ್ಕೆ ಬರುವ ಮಗು ಅಂದರೆ ಯಾರೋ ಪತ್ತೆ ಹಚ್ಚಿದ, ಇನ್ನೂ ಪ್ರಯಾಣ ತಡೆದುಕೊಳ್ಳಬಲ್ಲ, ಒಂದೇ ಆಪರೇಷನ್ನಿಗೆ ಸರಿಹೋಗುವ ಮಗು. ಇದು ಕ್ರೂರ ಅನಿಸಬಹುದು. ಆದರೆ ಇರುವ ಹಣದಲ್ಲಿ ಹೆಚ್ಚು ಮಕ್ಕಳನ್ನು ಉಳಿಸಬೇಕು ಅಂದರೆ ಹೀಗೆ ಆರಿಸದೆ ವಿಧಿಯಿಲ್ಲ, ಮತ್ತು ಆರಿಸುವವರು ಡಾಕ್ಟರುಗಳೇ ಆಗಿರುವುದು ಮೇಲು.

ಡಾಕ್ಟರ್ ಆರಿಸದೆ ಜನರೇ ಆರಿಸಿದರೆ ಏನಾಗುತ್ತದೆ? ಗೋಫಂಡ್‌ಮಿಯಂಥ ದೇಣಿಗೆ ಎತ್ತುವ ತಾಣಗಳಲ್ಲಿ ಯಾರು ಬೇಕಾದರೂ ತಮ್ಮ ಮನವಿ ಹಾಕಬಹುದು. ಅಲ್ಲಿನ 200 ವೈದ್ಯಕೀಯ ಮನವಿಗಳನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ಗುರಿ ಮುಟ್ಟಿದ್ದು ಹತ್ತರಲ್ಲಿ ಒಂದು. ಚೆನ್ನಾಗಿ ಬರೆಯಬಲ್ಲವರು, ಪರಿಚಯಸ್ಥರು ಹೆಚ್ಚಿರುವವರು, ಆ ಪರಿಚಯಸ್ಥರ ಜೇಬಿನಲ್ಲಿ ದುಡ್ಡಿರುವವರು ಗೆಲ್ಲುತ್ತಾರೆ. ಹೈಟಿಯ ಆ ತಾಯಿಗೆ ಅಂಥ ಕಡೆ ಖಾತೆ ತೆರೆಯುವುದಕ್ಕೇ ಆಗುವುದಿಲ್ಲ, ಯಾಕೆಂದರೆ ಹಣ ಪಡೆಯಲು ಪಟ್ಟಿಯಲ್ಲಿರುವ ಕೆಲವು ಶ್ರೀಮಂತ ದೇಶಗಳ ಬ್ಯಾಂಕ್ ಖಾತೆ ಬೇಕು. ಹಾಗಾಗಿ ಬಡ ದೇಶದ ಮಕ್ಕಳ ಹೆಸರಿನಲ್ಲಿ ಕೇಳುವವರು ಯಾವಾಗಲೂ ಮಧ್ಯದ ಒಂದು ಸಂಸ್ಥೆಯೇ.

ಮಗುವಿನ ಖಾಸಗಿತನದ ಮಾತೂ ಇದೆ. ನೀಲಿ ತುಟಿಯ ಫೋಟೋ, ಹೆಸರು, ರೋಗ, ಮನೆಯ ಬಡತನ, ಎಲ್ಲ ಒಮ್ಮೆ ಅಂತರ್ಜಾಲಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಸಹಿ ಹಾಕಿದವರು ಅಪ್ಪ ಅಮ್ಮ. ಮಗುವಿನ ಜೀವ ತೂಗುತ್ತಿರುವಾಗ 'ಫೋಟೋ ಬೇಡ' ಅನ್ನುವ ಧೈರ್ಯ ಯಾರಿಗಿರುತ್ತದೆ? ನಮ್ಮ ವಾಟ್ಸಾಪ್ ಗುಂಪುಗಳಲ್ಲಂತೂ ಯಾವಾಗಲೋ ಗುಣವಾದ ಮಗುವಿನ ಫೋಟೋ ಈಗಲೂ 'ದಯವಿಟ್ಟು ಶೇರ್ ಮಾಡಿ' ಅಂತ ಓಡಾಡುತ್ತಿರುತ್ತದೆ. ಅದೇ ಫೋಟೋಗೆ ಬೇರೆ ಯುಪಿಐ ನಂಬರ್ ಅಂಟಿಸುವವರೂ ಇದ್ದಾರೆ.

ನಮ್ಮಲ್ಲಿ ಹೇಗೆ

ನಮ್ಮಲ್ಲೂ ಈಗ ಇಂಥ ಮನವಿಗಳು ದಂಡಿಯಾಗಿ ಬರುತ್ತವೆ. ದೇಣಿಗೆ ಎತ್ತುವ ತಾಣಗಳಾದ ಬೆಂಗಳೂರಿನ ಮಿಲಾಪ್ 2010ರಲ್ಲಿ, ಮುಂಬೈಯ ಕೆಟ್ಟೋ 2012ರಲ್ಲಿ ಶುರುವಾದವು. ಆದರೆ ಹೈಟಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಆಪರೇಷನ್ ಮಾಡುವ ಆಸ್ಪತ್ರೆಗಳಿವೆ, ಸರ್ಕಾರದ ಯೋಜನೆಗಳೂ ಇವೆ. ಇದನ್ನು ತಿಳಿಯದೆ ಜನ ಮೊದಲೇ ಫೋಟೋ ಹಾಕಿ ಕೈಚಾಚುವುದನ್ನು ನೋಡಿದರೆ ಸಂಕಟವಾಗುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಡಾಕ್ಟರುಗಳ ತಂಡ ಪರೀಕ್ಷಿಸಬೇಕು. ಹೃದಯದ ದೋಷವೂ ಅವರು ನೋಡಬೇಕಾದ ಪಟ್ಟಿಯಲ್ಲಿದೆ, ಪತ್ತೆಯಾದರೆ ಮುಂದಿನ ಚಿಕಿತ್ಸೆ ಉಚಿತ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಸರ್ಕಾರ ಗೊತ್ತುಮಾಡಿದ ದರದ ಶೇ. 30, ಒಂದೂವರೆ ಲಕ್ಷದ ಮಿತಿಯಲ್ಲಿ. ಬೆಂಗಳೂರಿನ ಜಯದೇವ ಇದೆ. ವೈಟ್‌ಫೀಲ್ಡಿನ ಸತ್ಯ ಸಾಯಿ ಆಸ್ಪತ್ರೆ 2001ರಿಂದ ಬಿಲ್ಲೇ ಮಾಡದೆ ಹೃದಯದ ಆಪರೇಷನ್ ಮಾಡುತ್ತಿದೆ. ಕಾಯುವ ಸರದಿ ಇರುತ್ತದೆ, ನಿಜ.

ಸರದಿ ಅಂದಾಗ ಕೇರಳದವರು ಮಾಡಿದ್ದು ನೆನಪಾಗುತ್ತದೆ. 2017ರಲ್ಲಿ 'ಹೃದ್ಯಂ' ಅಂತ ಯೋಜನೆ ತಂದರು. ಮಗುವಿನ ಹೆಸರನ್ನು ಆನ್‌ಲೈನಿನಲ್ಲಿ ನೋಂದಾಯಿಸಿ ರಿಪೋರ್ಟ್ ಹಾಕಿದರೆ, ಹೃದಯ ತಜ್ಞರು ನೋಡಿ ಎಷ್ಟು ತುರ್ತು ಅಂತ ವಿಂಗಡಿಸುತ್ತಾರೆ. ತುರ್ತು ಇದ್ದವರಿಗೆ ಮೊದಲು ಬೆಡ್. ಇಲ್ಲಿ ಮಗುವಿನ ಮುಖ ಎಷ್ಟು ಮುದ್ದಾಗಿದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಫೋಟೋ ಇಲ್ಲದೆ ಗುಂಪಿನಿಂದ ಹಣ ಎತ್ತುವುದನ್ನು ಕರ್ನಾಟಕ ಇನ್ನೂ ಮೊದಲೇ ಮಾಡಿ ತೋರಿಸಿತ್ತು. 2003ರ ಯಶಸ್ವಿನಿ. ಆಗ ಸಹಕಾರ ಸಂಘದ ರೈತ ತಿಂಗಳಿಗೆ 5 ರೂಪಾಯಿ ಹಾಕಬೇಕಿತ್ತು, ಸರ್ಕಾರ ಸ್ವಲ್ಪ ಸೇರಿಸುತ್ತಿತ್ತು, ಆಪರೇಷನ್ ಬಂದರೆ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಬೇಕಿರಲಿಲ್ಲ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಅದರ ಹಿಂದೆಯೂ ದೇವಿ ಶೆಟ್ಟರ ಒತ್ತಾಸೆ ಇತ್ತು. ನಡುವೆ 2018ರಲ್ಲಿ ನಿಂತುಹೋಗಿ 2022-23ರಲ್ಲಿ ಮತ್ತೆ ಬಂತು. ಮಜಾ ಏನೆಂದರೆ, ಒಬ್ಬೊಬ್ಬ ರೋಗಿಯ ಫೋಟೋ ಹಾಕಿ ಹೆಸರಾದ ವಾಟ್ಸಿಯವರು ಕೂಡ ಕೆಲವು ವರ್ಷಗಳ ಮೇಲೆ ಉಗಾಂಡಾದಲ್ಲಿ ಊರಿನವರೇ ಸೇರಿ ನಡೆಸುವ ಆರೋಗ್ಯ ವಿಮೆಗೆ ಸಾಫ್ಟ್‌ವೇರ್ ಮಾಡಲು ಹೋದರು. ಒಂದೊಂದೇ ಮಗುವಿಗೆ ಬೇಡುತ್ತಾ ಹೋದರೆ ಸಾಲು ಮುಗಿಯುವುದಿಲ್ಲ ಅಂತ ಅವರಿಗೂ ಗೊತ್ತಾಗಿತ್ತು.

ಕೊಡುವ ಮುಂಚೆ

ಹಾಗಂತ ಫೋಟೋ ನೋಡಿ ಕೊಡಬೇಡಿ ಅನ್ನುತ್ತಿಲ್ಲ. ಯೋಜನೆ ಬರುವ ತನಕ ಹೈಟಿಯ ಮಗು ಕಾಯಲು ಆಗುವುದಿಲ್ಲ. ಕೊಡಿ, ಸ್ವಲ್ಪ ಕೇಳಿ ಕೊಡಿ.

ಹಣ ಯಾರ ಖಾತೆಗೆ ಹೋಗುತ್ತದೆ ಅನ್ನುವುದು ಮೊದಲ ಪ್ರಶ್ನೆ. ನೇರವಾಗಿ ಆಸ್ಪತ್ರೆಗೆ ಹೋಗುವುದಾದರೆ ಅರ್ಧ ಚಿಂತೆ ಕಳೆಯಿತು. ಆಸ್ಪತ್ರೆ ಕೊಟ್ಟ ಅಂದಾಜು ಪಟ್ಟಿ ಇದೆಯಾ ನೋಡಿ, ಇದ್ದರೆ ಆಸ್ಪತ್ರೆಯ ನಂಬರನ್ನು ನೀವೇ ಹುಡುಕಿ ಫೋನ್ ಮಾಡಿ. ಮನವಿಯಲ್ಲಿ ಕೊಟ್ಟಿರುವ ನಂಬರಿಗೆ ಬೇಡ. ಕೇಳುತ್ತಿರುವ ಮೊತ್ತ ಇಡೀ ಖರ್ಚೋ, ಉಳಿದ ಭಾಗವೋ? ಸರ್ಕಾರದ ಯೋಜನೆಗೆ ಅರ್ಜಿ ಹಾಕಿದ್ದಾರಾ? ಗುರಿಗಿಂತ ಹೆಚ್ಚು ಬಂದರೆ, ಅಥವಾ ಆಪರೇಷನ್ನಿಗೆ ಮುಂಚೆ ಮಗು ತೀರಿಕೊಂಡರೆ, ಉಳಿದ ಹಣ ಎಲ್ಲಿಗೆ ಹೋಗುತ್ತದೆ? ಈ ಕೊನೆಯದನ್ನು ಕೇಳಲು ನಾಲಿಗೆ ಏಳುವುದಿಲ್ಲ. ಆದರೆ ಒಳ್ಳೆಯ ಸಂಸ್ಥೆ ಕೇಳುವ ಮುಂಚೆಯೇ ಬರೆದಿರುತ್ತದೆ.

ಪಾವತಿ ಮಾಡುವಾಗ ಕೆಲವು ತಾಣಗಳು ತಮಗೆ 'ಟಿಪ್' ಅಂತ ಒಂದಷ್ಟು ಶೇಕಡಾವನ್ನು ಮೊದಲೇ ತುಂಬಿಸಿ ಇಟ್ಟಿರುತ್ತವೆ. ಬೇಕಾದರೆ ಇಡಿ, ಬೇಡವಾದರೆ ಬದಲಿಸಿ, ನೋಡದೆ ಒತ್ತಬೇಡಿ. ತೆರಿಗೆಯ 80ಜಿ ವಿನಾಯಿತಿ ಸಿಗುವುದು ಆ ನೋಂದಣಿ ಇರುವ ಟ್ರಸ್ಟಿಗೆ ಕೊಟ್ಟರೆ. ವ್ಯಕ್ತಿಯ ಹೆಸರಿನ ಮನವಿಗೂ ಇಲ್ಲ, ಹೊರದೇಶದ ಸಂಸ್ಥೆಗೂ ಇಲ್ಲ.

ಇನ್ನೊಂದನ್ನು ಕೇಳುವವರು ಬಹಳ ಕಡಿಮೆ: ಆಪರೇಷನ್ ಆದ ಮೇಲೆ ಏನು? ಗೋಡೆಯ ತೂತು ಮುಚ್ಚಿದ ಮಗುವಿಗೆ ಕೆಲವು ತಪಾಸಣೆ ಸಾಕಾಗಬಹುದು. ಗಂಟಲು ಸೋಂಕಿನಿಂದ ಶುರುವಾಗಿ ಕವಾಟವೇ ಹಾಳಾದ ಮಗುವಿನ ಕಥೆ ಬೇರೆ. ಲೋಹದ ಕವಾಟ ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್ ಮಾತ್ರೆ, ಡೋಸ್ ಸರಿಯಿದೆಯಾ ಅಂತ ಆಗಾಗ ರಕ್ತ ಪರೀಕ್ಷೆ. ಮಾತ್ರೆ ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುತ್ತದೆ, ಜಾಸ್ತಿಯಾದರೆ ರಕ್ತಸ್ರಾವ. ಹತ್ತಿರದಲ್ಲಿ ಲ್ಯಾಬ್ ಇಲ್ಲದ ಊರಿಗೆ ಆ ಮಗುವನ್ನು ಕಳಿಸುವುದು ಹೇಗೆ ಅಂತ ಸರ್ಜನ್‌ಗಳು ತಲೆ ಕೆಡಿಸಿಕೊಳ್ಳುತ್ತಾರೆ. ಆದಷ್ಟೂ ಹಳೆಯ ಕವಾಟವನ್ನೇ ರಿಪೇರಿ ಮಾಡಲು ನೋಡುತ್ತಾರೆ. ಹೈಟಿಯ ಪುಟದ ಆ 1,500 ಡಾಲರಿನಲ್ಲಿ ಮರುತಪಾಸಣೆಯ ಹಣವೂ ಸೇರಿದೆ ಅಂತ ಮೊದಲೇ ಹೇಳಿದೆನಲ್ಲ, ಇದಕ್ಕೇ. ನೀವು ಕೊಡಲು ಹೊರಟ ಮನವಿಯಲ್ಲಿ ಆ ಒಂದು ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಬರೆದು ಕೇಳಿ, ಉತ್ತರ ಬಂದ ಮೇಲೆ ಕೊಡಿ.